ನಮ್ಮ ಕೆಲಸಕ್ಕೂ ಒಂದಿಷ್ಟು ಟಾಲರೆನ್ಸ್ ಇರಲಿ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಅಂದರೆ ಈಗ ಊರಿಗಿಂತ ಮೊದಲು ನೆನಪಾಗುವುದು ಅಲ್ಲಿನ ಕೈಗಾರಿಕಾ ಪ್ರದೇಶ. ಅಲ್ಲಿಯ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ನನ್ನ ಸಂಬಂಧಿಯೊಬ್ಬ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದಾನೆ. ಶಿಫ್ಟ್ ಮುಗಿಸಿ ಟೀ ಅಂಗಡಿಗೆ ಬಂದವನ ಮುಂದೆ ಒಮ್ಮೆ ನನ್ನ ಗೋಳು ತೋಡಿಕೊಂಡೆ. ‘ಏನು ಬರೆದರೂ ಸರಿ ಅನ್ನಿಸಲ್ಲ ಕಣೋ. ಕೆಲಸ ಬಿಟ್ಟುಬಿಡೋಣ ಅನ್ನಿಸ್ತಿದೆ’ ಅಂದೆ. ಅವನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಕೆಲಸದಲ್ಲಿ ಟಾಲರೆನ್ಸ್ ಎಷ್ಟು?’

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕಾರ್ಖಾನೆಗೆ ಬರುವ ಯಾವ ಡ್ರಾಯಿಂಗ್‌ನಲ್ಲೂ ‘ಸರಿಯಾಗಿ 50 ಮಿಲಿಮೀಟರ್ ಇರಲೇಬೇಕು’ ಎಂದು ಇರುವುದಿಲ್ಲವಂತೆ. ಅಳತೆಯ ಜೊತೆಗೆ ಇಷ್ಟು ಹೆಚ್ಚು, ಇಷ್ಟು ಕಡಿಮೆ ಆಗಬಹುದು ಎಂಬ ಮಿತಿ ಇದ್ದೇ ಇರುತ್ತದೆ. ಅದೇ ಟಾಲರೆನ್ಸ್. ಬೇರೆ ಏನೂ ಬರೆಯದ ಅಳತೆಗಳಿಗೆ ಐಎಸ್‌ಒ 2768 ಎಂಬ ಮಾನದಂಡ ಇದೆ. ಅದರ ಮಧ್ಯಮ ದರ್ಜೆಯಲ್ಲಿ 50 ಮಿಲಿಮೀಟರ್‌ನ ಭಾಗ 0.3 ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ಪಾಸು. ಬೇರಿಂಗ್ ಕೂರುವ ಜಾಗಕ್ಕೆ ಮಾತ್ರ ಮಿತಿ ಬಹಳ ಬಿಗಿ, ಮಿಲಿಮೀಟರ್‌ನ ನೂರನೇ ಒಂದೆರಡು ಭಾಗ. ‘ಎಲ್ಲಾ ಕಡೆ ಅಷ್ಟೇ ಬಿಗಿ ಮಾಡೋಕೆ ಹೋದ್ರೆ ಮೆಷಿನ್ನೂ ಸವೆಯುತ್ತೆ, ಟೂಲೂ ಸವೆಯುತ್ತೆ, ಪೀಸೂ ಹೊರಗೆ ಹೋಗಲ್ಲ’ ಅಂದ.

ಸವೆದಿದ್ದವನು ನಾನು.

ಪತ್ರಿಕೋದ್ಯಮ ಓದಿ ಮೊದಲ ಕೆಲಸಕ್ಕೆ ಸೇರಿದ ದಿನಗಳವು. ಒಂದು ಹಳ್ಳಿಯ ಮನೆ ಹಂಚಿಕೆ ಬಗ್ಗೆ ಮುನ್ನೂರು ಪದಗಳ ವರದಿ ಬರೆಯಬೇಕಿತ್ತು. ಮೊದಲ ಸಾಲನ್ನೇ ಹತ್ತಾರು ಸಲ ಬರೆದು ಅಳಿಸಿದೆ. ಸಂಜೆ ಕಳೆದು ರಾತ್ರಿಯಾಯಿತು. ಪುಟ ಮುಗಿಸುವ ಹೊತ್ತಿಗೆ ಉಳಿದದ್ದನ್ನು ಗಡಿಬಿಡಿಯಲ್ಲಿ ಟೈಪ್ ಮಾಡಿ ಕಳಿಸಿದೆ. ಮರುದಿನ ಪತ್ರಿಕೆಯಲ್ಲಿ ಮೊದಲ ಸಾಲು ಚೆನ್ನಾಗಿಯೇ ಇತ್ತು. ಆದರೆ 31 ಕುಟುಂಬ ಎಂದಿರಬೇಕಾದಲ್ಲಿ 13 ಎಂದಿತ್ತು. ಹದಿನೆಂಟು ಮನೆಯವರು ತಮ್ಮ ಹೆಸರು ಪಟ್ಟಿಯಿಂದ ಹೋಯಿತು ಎಂದು ಬೆಳಿಗ್ಗೆಯೇ ಪಂಚಾಯಿತಿ ಮುಂದೆ ನಿಂತಿದ್ದರು. ನನ್ನ ಮೊದಲ ಸಾಲಿನ ಅಂದದಿಂದ ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ.

ಪರ್ಫೆಕ್ಷನ್ ಅನ್ನುವುದು ನಮ್ಮನ್ನು ಕಾಡುವುದು ಹೀಗೆಯೇ. ಅದು ತಪ್ಪನ್ನು ಕಡಿಮೆ ಮಾಡುವುದಿಲ್ಲ. ಗಮನ ಇರಬೇಕಾದ ಜಾಗದಿಂದ ಅದನ್ನು ಕದ್ದು ಬೇರೆ ಕಡೆ ಸುರಿಯುತ್ತದೆ.

ಇದರ ಬೇರು ಎಲ್ಲಿದೆ? ನಮ್ಮಂಥವರ ಮಟ್ಟಿಗೆ ಅದು ಭಯದಲ್ಲಿದೆ ಅಂತ ನನಗನ್ನಿಸುತ್ತದೆ. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ, ಮನೆಯಲ್ಲಿ ಮೊದಲ ಪದವೀಧರ. ಒಂದು ತಪ್ಪು ಮಾಡಿದರೆ ಸಾಕು, ‘ಹಳ್ಳಿಯಿಂದ ಬಂದವನು, ಇಷ್ಟೇ’ ಅನ್ನುತ್ತಾರೆ ಎಂಬ ಅಳುಕು. ಹೊಗಳಿದರೆ ಅದೃಷ್ಟ, ಬೈದರೆ ಅದೇ ನಿಜ. ಸಾಧನೆ ಮಾಡಿದ ಮಹಿಳೆಯರಲ್ಲೂ ‘ನಾನು ಇದಕ್ಕೆ ಯೋಗ್ಯಳಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ’ ಎಂಬ ಭಾವ ಇರುವುದನ್ನು ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಗುರುತಿಸಿ ಅದಕ್ಕೆ ‘ಇಂಪಾಸ್ಟರ್’ ಎಂದು ಹೆಸರಿಟ್ಟಿದ್ದರು. ಅದನ್ನು ಓದಿದಾಗ ನನಗೆ ಸಮಾಧಾನವಾಯಿತು. ಇದು ನನ್ನೊಬ್ಬನ ಕಾಯಿಲೆ ಅಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅನ್ನು ವಿವರಿಸುತ್ತಾ ಮೂರು ಲಕ್ಷಣ ಹೇಳಿತು: ಮೈಮನಸ್ಸು ಬರಿದಾಗುವುದು, ಕೆಲಸದ ಮೇಲೆ ಜಿಗುಪ್ಸೆ ಬಂದು ಮನಸ್ಸು ದೂರ ಸರಿಯುವುದು, ‘ನನ್ನ ಕೈಲಿ ಆಗಲ್ಲ’ ಅನ್ನಿಸುವುದು. ಇದನ್ನು ರೋಗ ಎಂದು ಅದು ಕರೆಯಲಿಲ್ಲ. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ ಎಂದಿತು. ಈ ಮಾತು ಮುಖ್ಯ. ಯಾಕೆಂದರೆ ಎಲ್ಲವನ್ನೂ ನಮ್ಮ ತಲೆಯೊಳಗಿನ ದೋಷ ಎಂದುಕೊಂಡರೆ, ಮೂವರ ಕೆಲಸವನ್ನು ಒಬ್ಬನ ಮೇಲೆ ಹೇರಿದವರು ಪಾರಾಗಿಬಿಡುತ್ತಾರೆ. ಕಾರ್ಖಾನೆಯ ಕಾರ್ಮಿಕನಿಗೆ 1948ರ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಸುದ್ದಿಗೆ ಇಷ್ಟು ಅಂತ ದುಡಿಯುವ ತಾಲ್ಲೂಕು ವರದಿಗಾರನ ಗಂಟೆಗಳನ್ನು ಎಣಿಸುವವರು ಯಾರು? ಅಲ್ಲಿ ಬೇಕಾದದ್ದು ಧ್ಯಾನವಲ್ಲ. ಇನ್ನೊಬ್ಬ ವರದಿಗಾರ, ಒಂದು ವಾರದ ರಜೆ, ಸರಿಯಾದ ಸಂಬಳ. ಅದನ್ನು ಕೇಳುವುದು ಸೋಮಾರಿತನವೂ ಅಲ್ಲ.

ಹಾಗಿದ್ದೂ ನಮ್ಮ ಕೈಯಲ್ಲಿರುವುದು ಸ್ವಲ್ಪ ಇದೆ. ನಾನೀಗ ಬರೆಯಲು ಕೂರುವ ಮೊದಲು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೇಳಿಕೊಳ್ಳುತ್ತೇನೆ. ಹೆಸರು, ಅಂಕಿ, ಊರು, ಯಾರು ಏನು ಹೇಳಿದರು, ಇವು ಬೇರಿಂಗ್ ಕೂರುವ ಜಾಗ. ಇಲ್ಲಿ ಎರಡು ಸಲ ನೋಡಲೇಬೇಕು. ವಾಕ್ಯದ ಅಂದ, ತಲೆಬರಹದ ಚಮತ್ಕಾರಕ್ಕೆ ಸ್ವಲ್ಪ ಹೆಚ್ಚುಕಡಿಮೆ ನಡೆಯುತ್ತದೆ. ನರ್ಸ್‌ಗೆ ಔಷಧದ ಪ್ರಮಾಣ ಬಿಗಿ, ರಿಜಿಸ್ಟರಿನ ಅಕ್ಷರದ ಅಂದ ಸಡಿಲ. ಮೇಷ್ಟ್ರಿಗೆ ಮಗುವಿಗೆ ಅರ್ಥವಾಯಿತೇ ಎಂಬುದು ಬಿಗಿ, ಚಾರ್ಟಿನ ಬಣ್ಣ ಸಡಿಲ. ನಿಮ್ಮ ಕೆಲಸದಲ್ಲಿ ಯಾವುದು ಯಾವುದೆಂದು ನಿಮಗೇ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಮೇಲಿನವರನ್ನು ಕೇಳಿ. ಕೆಲಸ ಹೇಳುವವರು ಟಾಲರೆನ್ಸ್ ಕೂಡ ಹೇಳಬೇಕು.

ನನ್ನ ಸಂಬಂಧಿಯ ಕೈಯಲ್ಲಿ ‘ಗೋ, ನೋ-ಗೋ’ ಎಂಬ ಗೇಜ್ ಇರುತ್ತದೆ. ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಅಷ್ಟೇ. ‘ಬಹಳ ಚೆನ್ನಾಗಿದೆ’ ಎನ್ನುವ ಮೂರನೇ ತುದಿ ಅದಕ್ಕಿಲ್ಲ. ಪಾಸಾದ ಭಾಗ ಟ್ರೇಗೆ ಹೋಗುತ್ತದೆ, ಅವನು ಮುಂದಿನದನ್ನು ಎತ್ತಿಕೊಳ್ಳುತ್ತಾನೆ. ಪಾಸಾದದ್ದನ್ನು ಮತ್ತೆ ಮತ್ತೆ ತೆಗೆದು ನೋಡುತ್ತಾ ಕೂರುವುದಿಲ್ಲ.

ನಿದ್ದೆಯೇ ಬಾರದಷ್ಟು, ಬೆಳಗಾದರೆ ಭಯವಾಗುವಷ್ಟು ಆಗಿದ್ದರೆ ಇಂಥ ಲೇಖನ ಸಾಲದು. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನು ತಡವಾಗಿ ಮಾಡಿದೆ, ಮೊದಲೇ ಮಾಡಬೇಕಿತ್ತು.

ಅಂದಹಾಗೆ, ಆ 31 ಮನೆಯವರಲ್ಲಿ ಒಬ್ಬರು ಆಮೇಲೆ ಸಿಕ್ಕಿದ್ದರು. ನಾನು ಕ್ಷಮೆ ಕೇಳಿದೆ. ‘ಮಾರನೇ ದಿನ ಸರಿ ಮಾಡಿ ಹಾಕಿದ್ರಲ್ಲ ಬಿಡಿ’ ಎಂದರು. ನಾನು ನನಗೆ ಕೊಟ್ಟುಕೊಳ್ಳದ ವಿನಾಯಿತಿಯನ್ನು ಅವರು ಎಂದೋ ಕೊಟ್ಟಿದ್ದರು.