ಕ್ರೋಶಾ, ಹರಟೆ ಮತ್ತು 'ಟೈಂಪಾಸ್' ಅನ್ನೋ ಮಾತು

"ನೀವೆಲ್ಲಾ ಅಲ್ಲಿ ಹೆಣೆಯೋಕೆ ಹೋಗ್ತೀರೋ, ಹರಟೆ ಹೊಡಿಯೋಕೋ?"

ಗುರುವಾರ ಮಧ್ಯಾಹ್ನ ದಾರದುಂಡೆ, ಕ್ರೋಶಾ ಕಡ್ಡಿ ಚೀಲಕ್ಕೆ ಹಾಕ್ಕೊಂಡು ಹೊರಟಾಗಲೆಲ್ಲ ನಮ್ಮನೆಯವರು ಕೇಳೋ ಪ್ರಶ್ನೆ ಇದು. ಮೊದಮೊದಲು ರೇಗಿ ಹೋಗ್ತಿತ್ತು. ಈಗ "ಎರಡಕ್ಕೂ" ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡ್ತೀನಿ :)

ಇದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಹರಟೆಯನ್ನ ಹೊಗಳಿ ಒಂದು ಲಘು ಬರಹ ಬರೆದುಬಿಡೋಣ ಅಂತಿದ್ದೆ. ಆದರೆ ಈಚೆಗೆ ನಡೆದ ಒಂದು ಸಂಗತಿಯಿಂದ ಬರಹದ ದಿಕ್ಕೇ ಬದಲಾಯ್ತು. ಮೊದಲು ಹೊಗಳಿಕೆ ಮುಗಿಸಿಬಿಡ್ತೀನಿ, ತಡ್ಕೊಳ್ಳಿ.

ನಮ್ಮದು ಏಳೆಂಟು ಜನರ ಗುಂಪು. ಮೈಸೂರಿನ ನಮ್ಮ ಬಡಾವಣೆಯಲ್ಲಿ ರಿಟೈರ್ ಆದ ಟೀಚರ್ ಒಬ್ಬರ ಮನೆ ಹಜಾರದಲ್ಲಿ ವಾರಕ್ಕೊಮ್ಮೆ ಸೇರ್ತೀವಿ. ಒಬ್ಬರು ಮೊಮ್ಮಗಳ ಲಂಗಕ್ಕೆ ಅಂಚು ಹಾಕ್ತಿರ್ತಾರೆ, ಒಬ್ಬರು ಬಾಗಿಲಿಗೆ ತೋರಣ, ನಾನು ಮೂರು ವರ್ಷದಿಂದ ಮುಗಿಯದ ಒಂದು ಮೇಜಿನ ಹೊದಿಕೆ. ಮಾತು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತೆ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಅವರೆಕಾಯಿ ರೇಟು, ಮಂಡಿನೋವಿನ ಎಣ್ಣೆ, ಸೊಸೆ ಕಲಿಸಿದ ಪಾಸ್ತಾ, ಕೆಲಸದವಳು ಊರಿಗೆ ಹೋಗಿರೋದು... ನಡುನಡುವೆ "ಹದಿನೇಳು, ಹದಿನೆಂಟು" ಅಂತ ಯಾರೋ ಜೋರಾಗಿ ಎಣಿಸ್ತಾರೆ. ಹಾಗೆ ಎಣಿಸೋರನ್ನ ಮಾತಾಡಿಸಬಾರದು ಅನ್ನೋದೊಂದೇ ನಮ್ಮ ಕಾನೂನು. ಮಾತಾಡಿಸಿ ಲೆಕ್ಕ ತಪ್ಪಿಸಿದವರು ಮುಂದಿನ ವಾರ ಕೋಡುಬಳೆ ತರಬೇಕು.

ಕಲಿಯೋದೂ ಈ ಹರಟೆಯಲ್ಲೇ. ನಮ್ಮಲ್ಲೊಬ್ಬರು ಅಜ್ಜಿ ಇದ್ದಾರೆ. ಅವರಿಗೆ ಪುಸ್ತಕದ ಚಾರ್ಟು ಓದೋಕೆ ಬರಲ್ಲ, ಮಾದರಿ ಎಲ್ಲಾ ಬೆರಳಲ್ಲೇ ಇದೆ. ದುಂಡಗಿನ ಮ್ಯಾಟ್ ಹಾಕುವಾಗ ಪ್ರತಿ ಸುತ್ತಲ್ಲೂ ಇಷ್ಟಿಷ್ಟು ಅಂತ ಕಂಬ ಹೆಚ್ಚಿಸ್ತಾ ಹೋಗಬೇಕಲ್ಲ, ಕಡಿಮೆ ಹೆಚ್ಚಿಸಿದರೆ ಅದು ಬಟ್ಟಲಿನ ಹಾಗೆ ಮೇಲೆ ಮಡಚಿಕೊಳ್ಳುತ್ತೆ, ಜಾಸ್ತಿಯಾದರೆ ಅಂಚೆಲ್ಲಾ ನೆರಿಗೆ ನೆರಿಗೆ. ನಂದು ಯಾವಾಗಲೂ ಬಟ್ಟಲು! ಅಜ್ಜಿ ನೋಡಿ, "ಜಿಪುಣತನ ಮಾಡಬೇಡ್ವೇ, ಕೈ ಸಡಿಲ ಬಿಡು" ಅಂದರು. ಹತ್ತು ವಿಡಿಯೋ ನೋಡಿ ಬಾರದ್ದು ಆ ಒಂದು ಮಾತಿಗೆ ಬಂತು.

ಇನ್ನೊಂದು ವಿಷಯ ಹೇಳಲೇಬೇಕು. ಹೆಣೆಯುವಾಗ ಎಲ್ಲರ ಕಣ್ಣೂ ಕೆಳಗಿರುತ್ತೆ. ಯಾರೂ ಯಾರ ಮುಖವನ್ನೂ ನೋಡ್ತಿರಲ್ಲ. ಅದಕ್ಕೇ ಇರಬೇಕು, ಮುಖ ನೋಡಿ ಹೇಳಲಾಗದ ಮಾತುಗಳೆಲ್ಲ ಅಲ್ಲಿ ಹೊರಗೆ ಬರ್ತವೆ. ಹೋದ ವರ್ಷ ಒಬ್ಬರು ಆಂಟಿ ತಮ್ಮ ಲೇಸಿಗೇ ಹೇಳೋ ಹಾಗೆ, "ಎದೇಲಿ ಒಂದು ಗಂಟು ಸಿಕ್ಕಿದೆ, ಸೋಮವಾರ ಟೆಸ್ಟು, ಮನೇಲಿ ಇನ್ನೂ ಹೇಳಿಲ್ಲ" ಅಂದರು. ಯಾರೂ ಕಡ್ಡಿ ಕೆಳಗಿಡಲಿಲ್ಲ. ಒಂದು ನಿಮಿಷ ಬಿಟ್ಟು ಟೀಚರ್ ಮಾತ್ರ, "ಎಷ್ಟು ಗಂಟೆಗೆ?" ಅಂತ ಕೇಳಿದರು. ಸೋಮವಾರ ಆಸ್ಪತ್ರೆಗೆ ಅವರ ಜೊತೆ ನಮ್ಮವರಿಬ್ಬರು ಹೋಗಿದ್ದರು. ರಿಪೋರ್ಟ್ ಚೆನ್ನಾಗೇ ಬಂತು, ಪುಣ್ಯ. ಇದನ್ನ ನಮ್ಮನೆಯವರಿಗೆ ಹೇಳಿದ ಮೇಲೆ ಅವರ ತಮಾಷೆ ಸ್ವಲ್ಪ ಕಡಿಮೆಯಾಗಿದೆ.

ಈಗ ಆ ಸಂಗತಿಗೆ ಬರ್ತೀನಿ.

ನಾಲ್ಕೈದು ತಿಂಗಳಿಂದ ನಮ್ಮ ಗುಂಪಿಗೆ ಹಿಂದಿನ ರಸ್ತೆಯ ಒಬ್ಬ ಹುಡುಗಿ ಬರ್ತಿದ್ದಳು. ಹುಡುಗಿ ಅಂದರೆ ಮೂವತ್ತು ದಾಟಿದೆ, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳಿದ್ದಾರೆ. ಸೀರೆಗೆ ಕುಚ್ಚು ಹಾಕಿ ಮನೆ ನಡೆಸ್ತಾಳೆ. ಕ್ರೋಶಾ ಕುಚ್ಚು ಗೊತ್ತಲ್ಲ? ಸೆರಗಿನ ತುದಿಗೆ ರೇಷ್ಮೆ ದಾರದಲ್ಲಿ ಕಡ್ಡಿಯಿಂದ ಕಮಾನು ಕಮಾನಾಗಿ ಹೆಣೆದು, ಮಣಿ ಸೇರಿಸಿ, ಕೆಳಗೆ ಕುಚ್ಚು ಕಟ್ಟೋದು. ನಾವು ಒಂದು ಸಾಲು ಹಾಕೋಷ್ಟರಲ್ಲಿ ಅವಳದ್ದು ಅರ್ಧ ಸೆರಗು ಮುಗಿದಿರ್ತಿತ್ತು.

ಒಂದು ಗುರುವಾರ ನಮ್ಮಲ್ಲೊಬ್ಬರು ಮಗಳ ಮದುವೆ ಸೀರೆಗಳಿಗೆ ರೇಟು ಕೇಳಿದರು. ಅವಳು ಹೇಳಿದಳು. ಇವರು ನಗುತ್ತಲೇ, "ಅಯ್ಯೋ, ಅಷ್ಟೊಂದಾ? ಹೇಗಿದ್ರೂ ಮನೇಲಿ ಕೂತು ಟೈಂಪಾಸ್‌ಗೆ ಮಾಡ್ತೀಯಲ್ಲಮ್ಮ, ಸ್ವಲ್ಪ ನೋಡಿ ಹೇಳು" ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ತರಕಾರಿಯವನ ಹತ್ರ ಚೌಕಾಸಿ ಮಾಡೋ ಅದೇ ಅಭ್ಯಾಸ. ಅವಳೂ ನಕ್ಕಳು. ನಾನೂ ನಕ್ಕೆ, ಅದನ್ನ ಒಪ್ಕೋಬೇಕು.

ಆಮೇಲೆ ಎರಡು ವಾರ ಅವಳು ಬರಲಿಲ್ಲ. ನನಗ್ಯಾಕೋ ಚುಚ್ಚೋಕೆ ಶುರುವಾಯ್ತು. ಒಂದು ಸೀರೆ ಹಿಡ್ಕೊಂಡು ಅವಳ ಮನೆಗೇ ಹೋದೆ. ರೇಟು ಕೇಳಿ, ತುಟಿಪಿಟಿಕ್ ಅನ್ನದೆ ಕೊಟ್ಟು, ಯಾಕೆ ಬರ್ತಿಲ್ಲ ಅಂತ ಕೇಳಿದೆ. ಅವಳು ಹೇಳಿದ್ದನ್ನ ಹಾಗೇ ಬರೀತೀನಿ:

"ಅವರಂದಿದ್ದಕ್ಕೆ ಬೇಜಾರಿಲ್ಲ ಅಕ್ಕ, ಎಲ್ಲರೂ ಅಂತಾರೆ. ನಿಮ್ಮ ಜೊತೆ ಮಾತಾಡ್ತಾ ಹಾಕಿದ್ರೆ ನಂಗೆ ಕೆಲಸ ನಿಧಾನ ಆಗುತ್ತೆ. ಮನೇಲಾದ್ರೆ ದಿನಕ್ಕೆ ಎರಡು ಸೀರೆ, ಅಲ್ಲಿಗೆ ಬಂದ ದಿನ ಒಂದೇ. ಆದ್ರೂ ಬರ್ತಿದ್ದೆ. ಮನೇಲಿ ಒಬ್ಬಳೇ ಹಾಕ್ತಾ ಕೂತ್ರೆ ಬಾಯೇ ಮರೆತು ಹೋಗುತ್ತೆ."

ಯೋಚನೆ ಮಾಡಿ. ನಮಗೆಲ್ಲ ಪುಕ್ಕಟೆಯಾಗಿದ್ದ ಹರಟೆಗೆ ಅವಳೊಬ್ಬಳು ಮಾತ್ರ ವಾರವಾರವೂ ಒಂದು ಸೀರೆಯ ಕೂಲಿ ಕೊಟ್ಟು ಬರ್ತಿದ್ದಳು. ಅವಳಿಗೇ ನಾವು 'ಟೈಂಪಾಸ್' ಅಂದಿದ್ದು.

ಇದು ನಮ್ಮ ಬೀದಿಯ ಕಥೆ ಮಾತ್ರ ಅಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಹೆಸರು ಕೇಳಿರಬಹುದು. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಲೇಸು ಅಲ್ಲಿ ಸಾವಿರಾರು ಹೆಂಗಸರ ಜೀವನವಾಯ್ತು, ವಿದೇಶಕ್ಕೆ ರಫ್ತಾಯ್ತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ತಂದರು. ಅವರ ವಾದದ ತಿರುಳು ಇಷ್ಟು: ಮನೆಗೆಲಸದ ಮೇಲೆ ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೆಯೋ ಈ ಹೆಂಗಸರನ್ನ ಎಲ್ಲರೂ 'ಗೃಹಿಣಿಯರು, ಬಿಡುವಿನಲ್ಲಿ ಏನೋ ಮಾಡ್ತಾರೆ' ಅಂತ ಕರೆದರು. ಕೆಲಸಗಾರರು ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗೆ ಕರೆದಿದ್ದರಿಂದಲೇ ಅಷ್ಟು ಕಡಿಮೆ ಕೂಲಿ ಕೊಟ್ಟು ದಕ್ಕಿಸಿಕೊಳ್ಳೋಕೆ ಸಾಧ್ಯವಾಯ್ತು. 'ಬಿಡುವು' ಅನ್ನೋ ಒಂದು ಮಾತು ಅಷ್ಟು ಜನರ ಕೂಲಿ ತಿಂದಿತ್ತು! 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಜಿಐ ಟ್ಯಾಗ್ ಸಿಕ್ಕಿತು. ಸಂತೋಷವೇ. ಆದರೆ ಕೊಳ್ಳೋರ ಬಾಯಿಂದ ಆ ಮಾತು ಹೋಗದೆ ಬರೀ ಟ್ಯಾಗ್‌ನಿಂದ ಎಷ್ಟಾದೀತು?

ಕ್ರೋಶಾದ ಹಿಂದಿನ ಕಥೆಯಲ್ಲೂ ಹಸಿವೇ ಇದೆ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಸಾಯ್ತಿದ್ದಾಗ, 1847ರಲ್ಲಿ, ಕ್ಲೋನ್ಸ್ ಅನ್ನೋ ಊರಿನ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಅಲ್ಲಿನ ಹೆಂಗಸರಿಗೆ ಕ್ರೋಶಾ ಲೇಸು ಕಲಿಸೋ ಏರ್ಪಾಡು ಮಾಡಿದರು. ಅದರಿಂದ ಎಷ್ಟೋ ಮನೆಯ ಒಲೆ ಉರಿಯಿತು. ನಾವು ಈಗ ಕಾಫಿ ಕುಡೀತಾ 'ಹಾಬಿ' ಅನ್ನೋದು ಯಾರಿಗೋ ಹೊಟ್ಟೆಪಾಡಾಗಿತ್ತು, ಇವತ್ತಿಗೂ ಆಗಿದೆ.

ಅದೂ ಅಲ್ಲದೆ, ಬೇರೆ ಲೇಸುಗಳನ್ನ ಯಂತ್ರ ಎಂದೋ ಕಲಿತುಬಿಟ್ಟಿದೆ. ಬಲೆಯಂಥ ಲೇಸಿನ ಬಟ್ಟೆ ನೇಯೋ ಯಂತ್ರವನ್ನ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1809ರ ಹೊತ್ತಿಗೇ ಮಾಡಿದ್ದ. ಕ್ರೋಶಾ ಹಾಗಲ್ಲ. ಯಂತ್ರದಿಂದ ಬರೋದು ಅದರ ಹಾಗೆ ಕಾಣೋ ನಕಲು, ಅಪ್ಪಟದ್ದು ಕೈಯಿಂದಲೇ ಆಗಬೇಕು. ಹಾಗಾಗಿ ಮಾಲ್‌ನಲ್ಲಿ ನಿಜವಾದ ಕ್ರೋಶಾದ ಟಾಪು ಅಗ್ಗಕ್ಕೆ ಸಿಕ್ಕಿತು ಅಂದರೆ, ಯಾರದೋ ಎಷ್ಟೋ ಮಧ್ಯಾಹ್ನಗಳು ಅಷ್ಟು ಅಗ್ಗಕ್ಕೆ ಹೋಗಿವೆ ಅಂತಲೇ ಲೆಕ್ಕ.

ನನ್ನ ಮಾತಿಷ್ಟೇ. 'ಟೈಂಪಾಸ್' ಅನ್ನೋದು ಎರಡು ಕಡೆಯೂ ಸುಳ್ಳು. ನಮ್ಮ ಹರಟೆ ಟೈಂಪಾಸ್ ಅಲ್ಲ, ಸೋಮವಾರ ಆಸ್ಪತ್ರೆಗೆ ಜೊತೆಗೆ ಹೋಗೋ ಜನ ಹುಟ್ಟೋದು ಅಲ್ಲೇ. ಅವಳ ಕುಚ್ಚೂ ಟೈಂಪಾಸ್ ಅಲ್ಲ, ಮಕ್ಕಳ ಫೀಸು ಅದು. ಹವ್ಯಾಸಕ್ಕೆ ಹೆಣೆಯೋ ನಮಗೇ ಇದು ಗೊತ್ತಿರಬೇಕಿತ್ತು. ಒಂದು ಸಾಲಿಗೆ ಎಷ್ಟು ಹೊತ್ತು ಹಿಡಿಯುತ್ತೆ, ರಾತ್ರಿ ಕಣ್ಣು ಹೇಗೆ ಉರಿಯುತ್ತೆ, ಹೆಬ್ಬೆರಳು ಹೇಗೆ ಜುಮ್ಮೆನ್ನುತ್ತೆ ಅನ್ನೋದು ಅಂಗಡಿಯವನಿಗಿಂತ ನಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಚೌಕಾಸಿ ಮಾಡಿದರೆ ನಮ್ಮ ತಪ್ಪೇ ಹೆಚ್ಚು.

"ಕೊಳ್ಳೋರಿಗೂ ಕಷ್ಟ ಇರಲ್ವಾ?" ಅಂತ ಕೇಳ್ತೀರೇನೋ. ಇರುತ್ತೆ. ಆಗದಿದ್ದರೆ ಸಾದಾ ಕುಚ್ಚು ಕಟ್ಟಿಸಿ, ಇಲ್ಲಾ ಬಿಟ್ಟುಬಿಡಿ. ಕೈ ಕೆಲಸ ಬೇಕು, ಕೈಗೆ ಕೊಡಬೇಕಾದ್ದು ಮಾತ್ರ ಬೇಡ ಅನ್ನೋದು ಸರಿಯಲ್ಲ.

ಈ ವಿಷಯವನ್ನ ಮುಂದಿನ ಗುರುವಾರ ಗುಂಪಿನಲ್ಲಿ ಎತ್ತಿದೆ. ಎತ್ತೋವಾಗ ಎದೆ ಡವಡವ ಅಂತಿತ್ತು. ಯಾರೂ ತಲೆಯೆತ್ತಲಿಲ್ಲ, ಎಲ್ಲರೂ ಹೆಣೀತಾನೇ ಇದ್ದರು. ನಾನು ಹೇಳಿದೆನಲ್ಲ, ಕಷ್ಟದ ಮಾತಿಗೆ ಅದೇ ಒಳ್ಳೇ ಜಾಗ. ಸ್ವಲ್ಪ ಹೊತ್ತಾದ ಮೇಲೆ ಮದುವೆ ಸೀರೆಯವರೇ, "ಒಂಬತ್ತು ಸೀರೆ ಇದೆ. ಅವಳು ಹೇಳಿದ್ದೇ ಕೊಡ್ತೀನಿ ಅಂತ ಹೇಳು" ಅಂದರು. ಅಜ್ಜಿ ಮಾತ್ರ ನನ್ನ ಹೊದಿಕೆ ಕಡೆ ನೋಡಿ, "ಮಾತಾಡ್ತಾ ಎರಡು ಕಂಬ ಬಿಟ್ಟಿದ್ದೀಯ, ಬಿಚ್ಚು" ಅಂದರು :)

ಅವಳು ಮತ್ತೆ ಬರ್ತಿದ್ದಾಳೆ. ಪ್ರತಿ ವಾರ ಅಲ್ಲ, ಕೈಯಲ್ಲಿ ಕೆಲಸ ಕಡಿಮೆ ಇದ್ದಾಗ. ಮದುವೆ ಸೀಸನ್ ಮುಗಿದ ಮೇಲೆ ತಪ್ಪದೆ ಬರ್ತೀನಿ ಅಂದಿದ್ದಾಳೆ.

ನಿಮ್ಮ ಬೀದಿಯಲ್ಲೂ ಹೀಗೆ ಕುಚ್ಚು ಹಾಕೋರು, ಹೊಲಿಯೋರು, ಹಪ್ಪಳ ಒತ್ತೋರು ಇದ್ದೇ ಇರ್ತಾರೆ. ಅವರ ಹತ್ರ ನೀವೂ 'ಟೈಂಪಾಸ್' ಅಂದಿದ್ದೀರಾ? ಮುಚ್ಚುಮರೆ ಬೇಡ, ಹೇಳಿ. ನಾನಂತೂ ಒಪ್ಕೊಂಡಾಯ್ತು.