ಮೈಲಿಗೆ ‘ಆಗುವುದೋ’, ನಾವು ‘ಮಾಡುವುದೋ’?

ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರಿಗೆಲ್ಲ ವಿರುದ್ಧ ಪದಗಳ ಪಟ್ಟಿ ಬಾಯಿಪಾಠ. ಪವಿತ್ರ-ಅಪವಿತ್ರ, ಶುದ್ಧ-ಅಶುದ್ಧ, ಮಂಗಳ-ಅಮಂಗಳ, ಮಡಿ-ಮೈಲಿಗೆ. ಬರೆದರೆ ಅಂಕ ಸಿಗುತ್ತದೆ. ಆದರೆ ಈ ಪದಗಳನ್ನು ದಿನನಿತ್ಯ ಯಾರ ಮೇಲೆ ಬಳಸುತ್ತಿದ್ದೇವೆ ಎಂಬುದು ಯಾವ ಗೈಡ್‌ನಲ್ಲೂ ಇರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಪವಿತ್ರಗೊಳಿಸುವ ಪದಗಳಿಗೆ ಬರವಿಲ್ಲ. ಪ್ರತಿಷ್ಠೆ, ಪುಣ್ಯಾಹ, ಶುದ್ಧಿಕಲಶ, ಬ್ರಹ್ಮಕಲಶ. ಇವನ್ನೆಲ್ಲ ಯಾರೋ ‘ಮಾಡುತ್ತಾರೆ’. ಅದಕ್ಕೆ ದಿನಾಂಕ, ಆಮಂತ್ರಣ ಪತ್ರಿಕೆ, ಸಮಿತಿಯವರ ಫೋಟೊ ಇರುವ ಬ್ಯಾನರ್ ಎಲ್ಲವೂ ಇರುತ್ತವೆ. ವಿರುದ್ಧ ಪದಗಳು ಹಾಗಲ್ಲ. ಮೈಲಿಗೆ ತಾನಾಗಿ ‘ಆಗುತ್ತದೆ’. ಮನೆಯಲ್ಲಿ ಮಗು ಹುಟ್ಟಿದರೆ ಅಮೆ, ಯಾರಾದರೂ ತೀರಿಕೊಂಡರೆ ಸೂತಕ. ಹೆಣ್ಣುಮಕ್ಕಳು ತಿಂಗಳಿಗೆ ಮೂರು ದಿನ ‘ಹೊರಗೆ’, ತುಳುವಿನಲ್ಲಿ ‘ಪಿದಾಯಿ’. ತಾಗುವುದಕ್ಕೆ ಇರುವ ‘ಮುಟ್ಟು’ ಎಂಬ ಪದವೇ, ಆಕೆಯನ್ನು ಮುಟ್ಟಬಾರದ ದಿನಗಳಿಗೂ ಹೆಸರು! ತಪ್ಪು ಮಾಡಿದವರು ಯಾರೂ ಇಲ್ಲ, ಶಿಕ್ಷೆ ಅನುಭವಿಸುವವರು ಮಾತ್ರ ಇದ್ದಾರೆ.

ಇದರ ಅತಿ ಕ್ರೂರ ರೂಪ ಅಜಲು ಪದ್ಧತಿ. ತಮ್ಮ ಮನೆಯ ಕೆಡುಕು ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗ ಸಮುದಾಯದವರಿಗೆ ತಿನ್ನಿಸುತ್ತಿದ್ದರು. ತಮ್ಮ ದೋಷವನ್ನು ಇನ್ನೊಬ್ಬರ ಹೊಟ್ಟೆಗೆ ದಾಟಿಸುವ ಉಪಾಯವಿದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ 50 ವರ್ಷವಾದ ಮೇಲೂ, ಇದರ ನಿಷೇಧಕ್ಕೆ ಕರ್ನಾಟಕ 2000ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಈಗ ಹೇಳಿ, ಮೈಲಿಗೆ ಇದ್ದದ್ದು ಆ ಅನ್ನ ತಿಂದವರಲ್ಲೋ, ಬಡಿಸಿದ ಕೈಯಲ್ಲೋ?

‘ಅದೆಲ್ಲ ಸ್ವಚ್ಛತೆಗಾಗಿ, ಹೆಂಗಸರ ವಿಶ್ರಾಂತಿಗಾಗಿ ಮಾಡಿದ ಪದ್ಧತಿ’ ಎನ್ನುವವರಿದ್ದಾರೆ. ವಿಶ್ರಾಂತಿ ಕೊಡುವುದಾದರೆ ಒಳಗಿನ ಹಾಸಿಗೆಯನ್ನೇ ಕೊಡಬಹುದಲ್ಲ? ಮೂಲೆಯ ಚಾಪೆ, ಬೇರೆ ತಟ್ಟೆ ಏಕೆ? ಇನ್ನು ಸ್ವಚ್ಛತೆಯ ಮಾತು. ಬಟ್ಟೆ ಒಗೆದು ಮಡಿ ಮಾಡಿಕೊಡುವವರು ಮಡಿವಾಳರು. ಆದರೆ ಮಡಿಯ ಲೆಕ್ಕದಲ್ಲಿ ಅವರನ್ನೇ ಕೆಳಗೆ ಕೂರಿಸಿದೆವು. ಸ್ವಚ್ಛತೆಯೇ ಗುರಿಯಾಗಿದ್ದರೆ ಹೀಗಾಗುತ್ತಿತ್ತೇ?

ಇದನ್ನು ಪ್ರಶ್ನಿಸಲು ನಾವು ಹೊರಗಿನಿಂದ ಯಾರನ್ನೂ ಕರೆತರಬೇಕಿಲ್ಲ. 12ನೇ ಶತಮಾನದ ಶರಣರು ಜನನ, ಮರಣ, ಜಾತಿ, ಮುಟ್ಟು, ಎಂಜಲು ಎಂಬ ಪಂಚಸೂತಕಗಳನ್ನು ತಿರಸ್ಕರಿಸಿದ್ದರು. ಮಂಗಳೂರಿನಲ್ಲೇ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜಾತಿಯವರೇ ಬಹಿಷ್ಕಾರ ಹಾಕಿದರು, ಅವರು ಬಗ್ಗಲಿಲ್ಲ. ತನ್ನ ಶಾಲೆಯಲ್ಲಿ ಕಲಿತ ಮಗು ಸರಕಾರಿ ಕೆಲಸಕ್ಕೆ ಸೇರಿ, ಕಾರಿನಲ್ಲಿ ಓಡಾಡಿ, ಆ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಊರು ಯಾರ ನೆರಳಿಗೂ ಹೆದರುತ್ತಿತ್ತೋ ಅವರ ಧೂಳನ್ನೇ ಪ್ರಸಾದದಂತೆ ಬಯಸಿದ ಮನುಷ್ಯ ಅವರು. ಇಂದು ಪುರಭವನಕ್ಕೆ ಅವರದೇ ಹೆಸರು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ, 2013ರಲ್ಲಿ ಇಬ್ಬರು ವಿಧವೆಯರು ಅರ್ಚಕರಾದರು. ‘ಅಮಂಗಳ’ ಎಂದು ಶುಭಕಾರ್ಯದಿಂದ ದೂರ ಇಟ್ಟವರ ಕೈಯಿಂದಲೇ ಮಂಗಳಾರತಿ! ಹೆಸರಲ್ಲೇ ಮಂಗಳ ಇರುವ ಊರಿಗೆ ಇದಕ್ಕಿಂತ ಶೋಭೆ ಇನ್ನೇನು?

ಹಾಗಾದರೆ ಅಪವಿತ್ರ, ಮೈಲಿಗೆ ಎಂಬ ಪದಗಳನ್ನು ನಿಘಂಟಿನಿಂದ ಕಿತ್ತು ಹಾಕಬೇಕೇ? ಬೇಡ. ಅವಕ್ಕೆ ಸರಿಯಾದ ಕೆಲಸ ಕೊಡೋಣ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು. ವರ್ಷಗಟ್ಟಲೆ ಪ್ರಾಮಾಣಿಕವಾಗಿ ಓದಿದವರ ಶ್ರಮ ಮಣ್ಣುಪಾಲಾಯಿತು. ಅದನ್ನು ಮೈಲಿಗೆ ಎಂದು ಯಾರೂ ಕರೆಯಲಿಲ್ಲ. ನೇತ್ರಾವತಿಗೆ ಪೂಜೆ ಮಾಡಿ ಅದೇ ನೀರಿಗೆ ಪ್ಲಾಸ್ಟಿಕ್ ಎಸೆಯುವುದನ್ನೂ ಕರೆಯುವುದಿಲ್ಲ. ಬಾಡಿಗೆ ರೂಮಿಗೆ ಹೋದ ಹುಡುಗನ ಜಾತಿ ತಿಳಿದ ಕೂಡಲೇ ‘ರೂಮು ಆಗಲೇ ಹೋಯಿತು’ ಎನ್ನುವ ಸುಳ್ಳನ್ನೂ ಕರೆಯುವುದಿಲ್ಲ.

ಹುಟ್ಟು, ಸಾವು, ಮುಟ್ಟು ಯಾರೂ ಬಯಸಿ ತಂದುಕೊಂಡದ್ದಲ್ಲ. ಲಂಚ, ಮೋಸ, ಅವಮಾನ ಮಾತ್ರ ಮನುಷ್ಯ ತಿಳಿದೇ ಮಾಡುವಂಥವು. ಕೆಲಸಕ್ಕೆ, ಸಂಸಾರಕ್ಕೆ ಕಾಲಿಡುತ್ತಿರುವ ನಾವು ಮೈಲಿಗೆ ಎಂಬ ಪದವನ್ನು ಮನುಷ್ಯರ ಮೈಯಿಂದ ಬಿಡಿಸಿ, ಇಂಥ ಕೃತ್ಯಗಳಿಗೆ ಅಂಟಿಸೋಣ. ಆರಂಭ ನಮ್ಮ ನಮ್ಮ ಮನೆಯ ಅಡುಗೆ ಕೋಣೆಯಿಂದಲೇ ಆಗಲಿ.