ಉಗ್ರಾಣದ ಸೇನಾನಿ

ಅಮೇರಿಕೆಯ ಸ್ವಾತಂತ್ರ್ಯಯುದ್ಧವೆಂದೊಡನೆ ನಮ್ಮ ವಿದ್ಯಾವಂತರ ನಾಲಿಗೆಯ ಮೇಲೆ ವಾಷಿಂಗ್ಟನ್ನನ ಹೆಸರೊಂದೇ ನಲಿಯುತ್ತದೆ. ಅದು ಯೋಗ್ಯವೇ. ಆದರೆ ಆ ಯುದ್ಧದ ಗತಿಯನ್ನು ತಿರುಗಿಸಿದವರಲ್ಲಿ ನಥಾನಿಯಲ್ ಗ್ರೀನನಿಗೆ ಸಲ್ಲಬೇಕಾದ ಸ್ಥಾನವನ್ನು ನಾವು ಕೊಟ್ಟಿಲ್ಲವೆಂದು ನನ್ನ ಅಭಿಪ್ರಾಯ.

ರೋಡ್ ಐಲೆಂಡಿನ ಈ ಕಮ್ಮಟದ ಒಡೆಯನು ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದಲ್ಲಿ ಹುಟ್ಟಿದವನು, ಕುಂಟುಗಾಲಿನವನು, ರಣವಿದ್ಯೆಯನ್ನು ಪುಸ್ತಕಗಳಿಂದ ಕಲಿತವನು. 1777-78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜಿನ ಬಿಡಾರದಲ್ಲಿ ವಾಷಿಂಗ್ಟನ್ನನ ಸೈನಿಕರಿಗೆ ಹೊಟ್ಟೆಗೆ ಹಿಟ್ಟಿಲ್ಲ, ಕಾಲಿಗೆ ಜೋಡಿಲ್ಲ. ಗುಂಡಿಗಲ್ಲ, ರೋಗಗಳಿಗೇ ಸುಮಾರು 2,000 ಜನ ಬಲಿಯಾದರು. ಆಗ ಗ್ರೀನನ ಪಾಲಿಗೆ ಬಂದದ್ದು ಸಾಮಗ್ರಿ ಸರಬರಾಯಿಯ ಅಧಿಕಾರ. ರಣಕೀರ್ತಿಯನ್ನು ಬಯಸಿದ ಅವನಿಗೆ ಅದು ಹಿಡಿಸಲಿಲ್ಲ. ಇತಿಹಾಸದಲ್ಲಿ ಉಗ್ರಾಣದವನ ಹೆಸರನ್ನು ಕೇಳಿದವರಾರೆಂದು ಗೊಣಗಿದ್ದೂ ಉಂಟು. ಆದರೂ 1778ರ ಮಾರ್ಚಿಯಲ್ಲಿ ಹೊಣೆ ಹೊತ್ತು, ದಾರಿಗಳನ್ನು ಸರಿಪಡಿಸಿ, ಬಂಡಿ ಕುದುರೆಗಳನ್ನು ಕೂಡಿಸಿ, ಮಾರ್ಗದಲ್ಲಿ ದಾಸ್ತಾನುಗಳನ್ನಿಟ್ಟನು. ಅದೇ ಬಿಡಾರದಲ್ಲಿ ಪ್ರಶಿಯದ ಸ್ಟಾಯ್ಬೆನ್ ಕವಾಯತು ಕಲಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಹಸಿದವನು ಕವಾಯತು ಮಾಡುವನೇ?

1780ರ ಕೊನೆಗೆ ಅವನಿಗೆ ದಕ್ಷಿಣದ ಸೇನಾಧಿಪತ್ಯವು ದೊರೆಯಿತು. ಅಲ್ಲಿಯೂ ಅವನು ಮೊದಲು ಪರಿಶೀಲಿಸಿದ್ದು ನದಿಗಳನ್ನು, ಕೂಡಿಸಿದ್ದು ದೋಣಿಗಳನ್ನು. ಬೆನ್ನಟ್ಟಿದ ಇಂಗ್ಲಿಷ್ ಸೇನಾನಿ ಕಾರ್ನ್‌ವಾಲಿಸನು ವೇಗಕ್ಕಾಗಿ ತನ್ನ ಸಾಮಾನುಬಂಡಿಗಳನ್ನೇ ಸುಟ್ಟನು. 1781ರ ಫೆಬ್ರವರಿಯಲ್ಲಿ ಅವನು ಡ್ಯಾನ್ ನದಿಯನ್ನು ಮುಟ್ಟುವಷ್ಟರಲ್ಲಿ ಗ್ರೀನನ ದಂಡು ಆಚೆಯ ದಡದಲ್ಲಿತ್ತು, ದೋಣಿಗಳೂ ಅಲ್ಲಿಯೇ! ಮಾರ್ಚಿ 15ರಂದು ಗಿಲ್ಫರ್ಡಿನಲ್ಲಿ ಗೆದ್ದವನು ಕಾರ್ನ್‌ವಾಲಿಸನೆಂದೇ ಬರೆಯಬೇಕು. ಆ ಗೆಲವಿಗೆ ಅವನು ತೆತ್ತದ್ದು ತನ್ನ ಸೈನ್ಯದ ಸುಮಾರು ಕಾಲುಭಾಗ. ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಅವನು ಶರಣಾದುದಕ್ಕೆ ಫ್ರೆಂಚರ ನೌಕಾಬಲವು ಮುಖ್ಯ ಕಾರಣ, ನಿಜ. ಆದರೆ ಆ ಮೂಲೆಯನ್ನು ಸೇರುವ ಮೊದಲೇ ಅವನ ಬಲವನ್ನು ಸವೆಸಿದವನು ಗ್ರೀನನು.

ಸೈನಿಕರ ಅನ್ನವಸ್ತ್ರಗಳಿಗಾಗಿ ಗ್ರೀನನು ಜಾಮೀನು ನಿಂತ ಸಾಲವು ಅವನ ತಲೆಗೇ ಬಂದಿತು. (ಜಾಮೀನುದಾರರ ಗತಿ ವಕೀಲನಾದ ನನಗೆ ಹೊಸದಲ್ಲ.) 1786ರಲ್ಲಿ, 43ನೆಯ ವಯಸ್ಸಿನಲ್ಲಿ, ಋಣಭಾರದಲ್ಲಿಯೇ ತೀರಿಕೊಂಡನು.

ಅದೇ ವರ್ಷ ಕಾರ್ನ್‌ವಾಲಿಸನು ಗವರ್ನರ್ ಜನರಲ್ಲನಾಗಿ ಹಿಂದುಸ್ಥಾನಕ್ಕೆ ಬಂದನು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯವರೆಗೆ ಬಂದೂ, ಎತ್ತುಗಳು ಸತ್ತು ಧಾನ್ಯವು ಮುಗಿದು, ಕೋಟೆ ಒಡೆಯುವ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. 1792ರಲ್ಲಿ ಅವನು ಮತ್ತೆ ಬಂದಾಗ ಲಂಬಾಣಿಗರ ಸಾವಿರಾರು ಎತ್ತುಗಳು ಧಾನ್ಯ ಹೊತ್ತು ಅವನ ದಂಡಿಗೆ ಒದಗಿದ್ದವು. ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು.